ಬಾಟಲಿ ಮುಚ್ಚಳದಿಂದ ಮಣೆ: ಹಿತ್ತಲಲ್ಲೇ ಪ್ಲಾಸ್ಟಿಕ್ ಮರುಬಳಕೆ, ಹಂತ ಹಂತವಾಗಿ

ಮದುವೆ ಛತ್ರದಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಒಮ್ಮೆ ಹಿಂಬದಿಗೆ ಹೋಗಿ ನೋಡಿ. ಎಲೆಯ ಪಕ್ಕ ಇಟ್ಟಿದ್ದ ಪುಟ್ಟ ನೀರಿನ ಬಾಟಲಿಗಳೆಲ್ಲ ಅಲ್ಲಿ ರಾಶಿ ಬಿದ್ದಿರುತ್ತವೆ. ಬಾಟಲಿಯನ್ನು ಗುಜರಿಯವರು ಒಯ್ಯುತ್ತಾರೆ. ಅದಕ್ಕೆ ಬೆಲೆ ಇದೆ. ಮುಚ್ಚಳಗಳಲ್ಲಿ ಎಷ್ಟೋ ಕೆಳಗೇ ಉಳಿಯುತ್ತವೆ. ಪೊರಕೆಗೆ ಸಿಕ್ಕವು ಕಸದ ಗಾಡಿಗೆ, ಸಿಗದವು ಚರಂಡಿಗೆ.

ಆ ಮುಚ್ಚಳ ಒಳ್ಳೆಯ, ಗಟ್ಟಿ ಪ್ಲಾಸ್ಟಿಕ್. ಒಂದೊಂದೂ ಒಂದೂವರೆಯಿಂದ ಮೂರು ಗ್ರಾಂ ತೂಗುತ್ತದೆ. ಸುಮಾರು 500 ಮುಚ್ಚಳ ಕೂಡಿಸಿದರೆ ಒಂದು ಕಿಲೋಗೆ ಸ್ವಲ್ಪ ಮೇಲಾಗುತ್ತದೆ. ಅಷ್ಟರಲ್ಲಿ ಒಂದು ಮಣೆ ಮಾಡಬಹುದು. ಕೂತು ತರಕಾರಿ ಹೆಚ್ಚಲು, ಬಚ್ಚಲಲ್ಲಿ ಬಟ್ಟೆ ಒಗೆಯಲು, ಮಕ್ಕಳಿಗೆ ಕೂರಲು. ನೀರು ಬಿದ್ದರೆ ಇದರ ಹಲಗೆ ಮರದ ಮಣೆಯ ಹಾಗೆ ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ.

ಈ ಬರಹದಲ್ಲಿ ಹೇಳುವುದು ಆ ಒಂದು ಮಣೆಯ ಬಗ್ಗೆ. ಪ್ಲಾಸ್ಟಿಕ್‌ನಿಂದ ಮಾಡಬಹುದಾದ ಐವತ್ತು ವಸ್ತುಗಳ ಪಟ್ಟಿ ಕೊಡಬಹುದಿತ್ತು. ಆದರೆ ಈ ಕೆಲಸ ಶುರು ಮಾಡಿದವರು ಬಹಳ ಮಂದಿ ಮೂರು ತಿಂಗಳಲ್ಲೇ ಬಿಡುವುದಕ್ಕೆ ಕಾರಣವೇ ಅದು. ಸಿಕ್ಕಿದ ಪ್ಲಾಸ್ಟಿಕ್ಕನ್ನೆಲ್ಲ ತಂದು, ಒಟ್ಟಿಗೆ ಕರಗಿಸಿ, ಏನೋ ಒಂದು ಮಾಡಲು ಹೋಗುತ್ತಾರೆ. ಅದು ಒಡೆಯುತ್ತದೆ, ವಾಸನೆ ಬರುತ್ತದೆ, ಯಾರಿಗೂ ಬೇಡವಾಗುತ್ತದೆ. ಒಂದೇ ಜಾತಿಯ ಪ್ಲಾಸ್ಟಿಕ್ ಹಿಡಿಯಿರಿ, ಜನ ಈಗಾಗಲೇ ಬಳಸುವ ಒಂದೇ ವಸ್ತು ಮಾಡಿ. ಕೈ ಪಳಗಿದ ಮೇಲೆ ಬೇರೆಯದಕ್ಕೆ ಹೋಗಬಹುದು.

ಯಾವುದನ್ನು ಕರಗಿಸಬೇಕು, ಯಾವುದನ್ನು ಮುಟ್ಟಲೇಬಾರದು

ಪ್ಲಾಸ್ಟಿಕ್ ಸಾಮಾನಿನ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ತಂದ ಗುರುತು ಅದು. ಈಗ ಎಲ್ಲ ಕಡೆ ಬಳಕೆಯಲ್ಲಿದೆ. ನಮಗೆ ಬೇಕಾದದ್ದು 2, ಅಂದರೆ ಎಚ್‌ಡಿಪಿಇ, ಗಟ್ಟಿ ಜಾತಿಯ ಪಾಲಿಥೀನ್. ನೀರಿನ ಬಾಟಲಿಯ ಮುಚ್ಚಳ ಬಹುಪಾಲು ಇದೇ. ಫಿನಾಯಿಲ್ ಡಬ್ಬ, ಎಂಜಿನ್ ಆಯಿಲ್ ಕ್ಯಾನ್ ಕೂಡ ಇದೇ ಜಾತಿ. ಆದರೆ ಎಣ್ಣೆ, ಕೀಟನಾಶಕದ ಡಬ್ಬಗಳನ್ನು ತರಬೇಡಿ. ಎಷ್ಟು ತೊಳೆದರೂ ಒಳಗೆ ಹೀರಿಕೊಂಡದ್ದು ಪೂರ್ತಿ ಹೋಗುವುದಿಲ್ಲ, ಕಾದಾಗ ಹೊರಗೆ ಬರುತ್ತದೆ.

ಎಚ್‌ಡಿಪಿಇ ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. 180-190 ಡಿಗ್ರಿಯಲ್ಲಿ ಚೆನ್ನಾಗಿ ಹದಕ್ಕೆ ಬರುತ್ತದೆ. ಈ ಶಾಖದಲ್ಲಿ ಹೊಗೆ ಬರುವುದಿಲ್ಲ, ಮೇಣದ ಬತ್ತಿಯ ಸಣ್ಣ ವಾಸನೆ ಬರುತ್ತದೆ ಅಷ್ಟೆ. ಮನೆಯ ಮಟ್ಟದಲ್ಲಿ ಮಾಡಲು ಇದನ್ನೇ ಆರಿಸಿಕೊಳ್ಳುವುದು ಈ ಕಾರಣಕ್ಕೆ.

3ನೇ ನಂಬರ್ ಪಿವಿಸಿ. ಪೈಪು, ವೈರಿನ ಮೇಲಿನ ಕವಚ, ಹಳೆಯ ಬ್ಯಾನರ್. ಇದನ್ನು ಓವನ್ ಹತ್ತಿರಕ್ಕೂ ತರಬೇಡಿ. ಜಾಸ್ತಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ ಎಲ್ಲಕ್ಕೂ ಅದು ಕೆಟ್ಟದ್ದು. ಸುಟ್ಟರೆ ಡಯಾಕ್ಸಿನ್‌ನಂಥ ವಿಷವೂ ಹುಟ್ಟುತ್ತದೆ. 6ನೇ ನಂಬರ್ ಪಾಲಿಸ್ಟೈರೀನ್, ಅಂದರೆ ಥರ್ಮೋಕೋಲ್ ಮತ್ತು ಪಟಪಟ ಒಡೆಯುವ ಲೋಟಗಳು. ಇದೂ ಬೇಡ, ಕಾದಾಗ ಸ್ಟೈರೀನ್ ಆವಿ ಬರುತ್ತದೆ. 7 ಅಂದರೆ ಕಲಸುಮೇಲೋಗರ, ಒಳಗೆ ಏನಿದೆ ಅಂತ ಹೇಳಲಾಗದು.

1 ಅಂದರೆ ಪೆಟ್ ಬಾಟಲಿ. ಅದು ಕರಗಲು 250 ಡಿಗ್ರಿ ಮೇಲೆ ಬೇಕು. ಕರಗಿಸುವಾಗ ಸ್ವಲ್ಪ ತೇವ ಇದ್ದರೂ ಆಮೇಲೆ ಪೆಡಸಾಗಿ ಒಡೆಯುತ್ತದೆ. ಅದನ್ನು ಗುಜರಿಗೇ ಬಿಡಿ, ಅಲ್ಲಿ ಅದಕ್ಕೆ ಸರಿಯಾದ ದಾರಿ ಇದೆ. 4 ಎಲ್‌ಡಿಪಿಇ, ಹಾಲಿನ ಕವರಿನ ಜಾತಿ. ಅದರ ಬಗ್ಗೆ ಕೊನೆಯ ಹತ್ತಿರ ಎರಡು ಮಾತು ಹೇಳುತ್ತೇನೆ. 5 ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಇದು ಒಳ್ಳೆಯ ಪ್ಲಾಸ್ಟಿಕ್, ಆದರೆ ನಮ್ಮ ಮಣೆಗೆ ಇದೇ ದೊಡ್ಡ ಶತ್ರು. ಯಾಕೆ ಅಂತ ಮುಂದೆ ನೋಡೋಣ.

ಜಾಗ ಮತ್ತು ಎಚ್ಚರಿಕೆ

ಅಡುಗೆಮನೆಯಲ್ಲಿ ಮಾಡುವ ಕೆಲಸ ಇದಲ್ಲ. ಮೂರು ಕಡೆ ಗಾಳಿಯಾಡುವ ಶೆಡ್ಡು, ಹಿತ್ತಲ ಜಗುಲಿ, ಮಾಳಿಗೆ ಮೇಲಿನ ಶೀಟ್ ಹಾಕಿದ ಜಾಗ ಆಗುತ್ತದೆ. ಕೋಣೆಯಾದರೆ ಎಕ್ಸಾಸ್ಟ್ ಫ್ಯಾನ್ ಇರಲೇಬೇಕು, ಅದರ ಗಾಳಿ ಪಕ್ಕದ ಮನೆಯ ಕಿಟಕಿಗೆ ಹೋಗಬಾರದು.

ಮುಖಕ್ಕೆ ಕಾರ್ಬನ್ ಫಿಲ್ಟರ್ ಇರುವ ಮಾಸ್ಕ್ ಬೇಕು. ಧೂಳಿಗೆ ಹಾಕುವ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಕೈಗೆ ಮೊಣಕೈವರೆಗೆ ಬರುವ ದಪ್ಪ ಚರ್ಮದ ಗ್ಲೌಸ್, ಕಾಲಿಗೆ ಶೂ. ಬಟ್ಟೆ ಹತ್ತಿಯದ್ದೇ ಇರಲಿ. ನೈಲಾನ್ ಸೀರೆ, ಪಾಲಿಯೆಸ್ಟರ್ ದುಪಟ್ಟಾ ಬೆಂಕಿ ತಾಗಿದರೆ ಮೈಗೆ ಅಂಟಿಕೊಳ್ಳುತ್ತವೆ. ಸೆರಗನ್ನು ಬಿಗಿದು ಸಿಕ್ಕಿಸಿಕೊಳ್ಳಿ, ಇಲ್ಲವಾದರೆ ಮೇಲೆ ಒಂದು ಹತ್ತಿಯ ಅಂಗಿ ಹಾಕಿಕೊಳ್ಳಿ.

ಒಂದು ಬಕೆಟ್ ಮರಳು, ಸಾಧ್ಯವಾದರೆ ಪುಡಿ ತುಂಬಿದ ಎಬಿಸಿ ಅಗ್ನಿಶಾಮಕ ಹತ್ತಿರ ಇಡಿ. ಉರಿಯುತ್ತಿರುವ ಪ್ಲಾಸ್ಟಿಕ್ ಮೇಲೆ ನೀರು ಎರಚಬೇಡಿ. ನೀರು ಆವಿಯಾಗಿ ಸಿಡಿದು ಕರಗಿದ್ದನ್ನು ನಿಮ್ಮ ಮೇಲೇ ಹಾರಿಸುತ್ತದೆ. ಮೊದಲು ಓವನ್ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿಯೇ ಇರಲಿ.

ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ತಾಗಿದರೆ ಎಳೆದು ಕೀಳಬೇಡಿ. ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದು, ಅಂಟಿದ್ದನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಹೋಗಿ. ಮಕ್ಕಳು ಮುಚ್ಚಳ ಕೂಡಿಸಲಿ, ಬಣ್ಣ ಬೇರ್ಪಡಿಸಲಿ. ಓವನ್ ಉರಿಯುವಾಗ ಹತ್ತಿರ ಇರುವುದು ಬೇಡ. ಓವನ್ ಹಚ್ಚಿಟ್ಟು ನೀವೂ ಬೇರೆ ಕೆಲಸಕ್ಕೆ ಹೋಗಬೇಡಿ.

ಸಾಮಾನು

60 ಲೀಟರ್‌ನ ಒಂದು ಓಟಿಜಿ ಓವನ್, ಅಂದರೆ ಮನೆಯಲ್ಲಿ ಕೇಕ್ ಮಾಡುವ ಕರೆಂಟಿನ ಓವನ್ ಬೇಕು. ಹಳೆಯದು ಸಿಕ್ಕಿದರೆ ಸಾಕು, ಆದರೆ ಇದಕ್ಕೆ ಬಳಸಿದ ಮೇಲೆ ಅದರಲ್ಲಿ ಮತ್ತೆಂದೂ ತಿನ್ನುವುದನ್ನು ಮಾಡಬಾರದು. ಮೇಲೆ ದಪ್ಪ ಅಕ್ಷರದಲ್ಲಿ ಬರೆದೇ ಅಂಟಿಸಿ. ಒಳಗಿಡುವ ಓವನ್ ಥರ್ಮಾಮೀಟರ್ ಒಂದು ಬೇಕೇ ಬೇಕು. ಓಟಿಜಿಯ ಗುಂಡಿ 180 ಅಂತ ತೋರಿಸಿದಾಗ ಒಳಗೆ 160 ಇರಬಹುದು, 210ಕ್ಕೂ ಏರಿರಬಹುದು.

ಇನ್ನು ತಕ್ಕಡಿ, ತಗಡು ಕತ್ತರಿ, 8 ಇಂಚಿನ ಸಿ ಕ್ಲಾಂಪ್ (ತಿರುಪು ತಿರುಗಿಸಿ ಬಿಗಿಯುವ ಹಿಡಿಕೆ) ನಾಲ್ಕು, ಟೆಫ್ಲಾನ್ ಶೀಟ್ ಅಥವಾ ಕೇಕ್ ಮಾಡುವವರು ಬಳಸುವ ಬಟರ್ ಪೇಪರ್, ಗರಗಸ, ಅರ, ಉಪ್ಪುಕಾಗದ, ಡ್ರಿಲ್ಲು. ಅಚ್ಚನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಕು.

ಅಚ್ಚಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮಣೆ ನೆಟ್ಟಗೆ ಬರುವುದೂ ಡೊಂಕಾಗುವುದೂ ಇದರ ಮೇಲಿದೆ. ಚಕ್ಕುಲಿ ಒರಳು ನೆನಪಿಸಿಕೊಳ್ಳಿ. ಹೊರಗೆ ಒಂದು ಕವಚ, ಒಳಗೆ ಇಳಿಯುವ ಒಂದು ಒತ್ತು. ಅಷ್ಟೇ. 5 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟಿನ ತಳ. ಅದರ ಮೇಲೆ ಒಳ ಅಳತೆ 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಚೌಕಟ್ಟು. ಚೌಕಟ್ಟನ್ನು ತಳಕ್ಕೆ ವೆಲ್ಡ್ ಮಾಡಿಸಬೇಡಿ, ಸುಮ್ನೆ ಕೂರುವಂತಿರಲಿ ಅಥವಾ ಬೋಲ್ಟ್ ಹಾಕಿಸಿ. ಆಗ ಮಣೆ ಬಿಡಿಸುವುದು ಸುಲಭ. ಒಳಗಿಳಿಯುವ ಮೇಲಿನ ಪ್ಲೇಟು ಸುತ್ತಲೂ 1 ಮಿ.ಮೀ. ಚಿಕ್ಕದಿರಬೇಕು. ಅದರ ಬೆನ್ನಿಗೆ 2 ಇಂಚಿನ ಚೌಕ ಪೈಪಿನ ಎರಡು ತುಂಡು ವೆಲ್ಡ್ ಮಾಡಿಸಿ. ಪ್ಲೇಟು ಪೂರ್ತಿ ಕೆಳಗಿಳಿದರೂ ಈ ಪೈಪು ಚೌಕಟ್ಟಿನ ಮೇಲೆ ಎದ್ದಿರುತ್ತದೆ, ಅದರಿಂದ ಒತ್ತಲು ಹಿಡಿತ ಸಿಗುತ್ತದೆ. ವೆಲ್ಡಿಂಗ್‌ನವರಿಗೆ ಪ್ಲೇಟು ಸೊಟ್ಟಗಾಗಬಾರದು ಅಂತ ಎರಡು ಸಲ ಹೇಳಿ. ಎಲ್ಲ ಸೇರಿ ಸುಮಾರು 8ರಿಂದ 10 ಕಿಲೋ ತೂಗುತ್ತದೆ. ಓವನ್‌ನ ತಂತಿ ತಟ್ಟೆ ಅಷ್ಟು ಭಾರ ತಡೆಯುತ್ತದೆಯೇ ಅಂತ ತಣ್ಣಗಿರುವಾಗ ಖಾಲಿ ಅಚ್ಚು ಇಟ್ಟು ನೋಡಿ.

ಮುಚ್ಚಳ ಕೂಡಿಸುವುದು

ಛತ್ರ, ದರ್ಶಿನಿ, ಜಾತ್ರೆ, ಅಪಾರ್ಟ್‌ಮೆಂಟ್. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಒಂದು ಡಬ್ಬ ಇಟ್ಟು, ಅದಕ್ಕೆ ‘ಮುಚ್ಚಳ ಮಾತ್ರ’ ಅಂತ ಬರೆದು ಬನ್ನಿ. ಬೆಂಗಳೂರಿನಲ್ಲಾದರೆ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಕೇಳಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣ ಘಟಕ. ಬಹಳ ಕಡೆ ಅದನ್ನು ಸ್ವಸಹಾಯ ಸಂಘದ ಹೆಂಗಸರೇ ನೋಡಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಕೈಯಲ್ಲಿ ಹಿಡಿದ ಕೂಡಲೇ ಇದು ಯಾವ ಜಾತಿ ಅಂತ ಹೇಳುವ ಅನುಭವ ಅವರಿಗಿರುತ್ತದೆ. ಅವರ ಹತ್ತಿರ ಅರ್ಧ ದಿನ ಕೂತು ಕಲಿಯಿರಿ.

ಆದರೆ ಒಂದು ಮಾತು. ಅವರಿಂದ, ಚಿಂದಿ ಆಯುವವರಿಂದ ತರುವುದಾದರೆ ದುಡ್ಡು ಕೊಟ್ಟು ತನ್ನಿ. ನಮಗೆ ಕಸವಾಗಿ ಕಾಣುವುದು ಅವರಿಗೆ ಆ ದಿನದ ಅನ್ನ. ಗುಜರಿ ಬೆಲೆಗಿಂತ ಎರಡು ರೂಪಾಯಿ ಜಾಸ್ತಿ ಕೊಟ್ಟರೆ ಮುಚ್ಚಳ ಬೇರೆ ಮಾಡಿಯೇ ತಂದುಕೊಡುತ್ತಾರೆ.

ಬಾಟಲಿಯ ಕತ್ತಿನಲ್ಲಿ ಉಳಿಯುವ ಉಂಗುರವೂ ಮುಚ್ಚಳದ್ದೇ ಭಾಗ, ಅದೇ ಪ್ಲಾಸ್ಟಿಕ್. ಕಟರ್‌ನಿಂದ ಒಂದು ಗೀರು ಹಾಕಿದರೆ ಬಿಟ್ಟುಬರುತ್ತದೆ.

ಬೇರ್ಪಡಿಸುವುದು: ಇಲ್ಲಿ ಅವಸರ ಬೇಡ

ನನ್ನ ಮೊದಲ ಮಣೆ ನೋಡಲು ಬಹಳ ಚೆನ್ನಾಗಿತ್ತು. ನೀಲಿ ಬಿಳಿ ಬಣ್ಣ, ಅಮೃತಶಿಲೆಯಂಥ ಗೆರೆ. ಮನೆಯಲ್ಲಿ ಹಿರಿಯರೊಬ್ಬರು ಕೂತ ಎರಡನೇ ವಾರಕ್ಕೆ ಅಡ್ಡಲಾಗಿ ಸೀಳಿತು. ಅವರಿಗೆ ಪೆಟ್ಟಾಗಲಿಲ್ಲ, ಆದರೆ ನನಗೆ ಆ ದಿನ ಭಯವಾಯಿತು. ಸೀಳಿದ ಜಾಗವನ್ನು ನೋಡಿದರೆ ಪದರ ಪದರವಾಗಿ ಬಿಟ್ಟಿತ್ತು. ಎಚ್‌ಡಿಪಿಇ ಜೊತೆ ಪಿಪಿ ಮುಚ್ಚಳ ಸೇರಿಹೋಗಿತ್ತು.

ಈ ಎರಡು ಪ್ಲಾಸ್ಟಿಕ್ ಕರಗಿದಾಗ ಬೆರೆತ ಹಾಗೆ ಕಾಣುತ್ತವೆ, ಆದರೆ ಒಳಗೆ ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ನೀರಿಗೆ ಎಣ್ಣೆ ಹಾಕಿ ಕಲಕಿದಂತೆ. ತಣಿದ ಮೇಲೆ ಅವುಗಳ ನಡುವಿನ ಗೆರೆಯೇ ಬಿರುಕು ಶುರುವಾಗುವ ಜಾಗ. ಹಾಗಾಗಿ ಬೇರ್ಪಡಿಸುವುದಕ್ಕೆ ಕರಗಿಸುವುದಕ್ಕಿಂತ ಜಾಸ್ತಿ ಹೊತ್ತು ಕೊಡಿ.

ಮೊದಲು ಕಣ್ಣಿನ ಕೆಲಸ. ಮುಚ್ಚಳದ ಒಳಭಾಗದಲ್ಲಿ 2 ಅಥವಾ ಎಚ್‌ಡಿಪಿಇ ಅಂತ ಇದ್ದರೆ ಸೀದಾ ಬುಟ್ಟಿಗೆ ಹಾಕಿ. 5 ಅಥವಾ ಪಿಪಿ ಅಂತ ಇದ್ದರೆ ಹೊರಗೆ. ಶಾಂಪೂ, ಸಾಸ್ ಬಾಟಲಿಯ ಹಾಗೆ ಮಡಚಿ ತೆರೆಯುವ ಮುಚ್ಚಳ ಬಹುಪಾಲು ಪಿಪಿ. ಸಾವಿರ ಸಲ ಮಡಚಿದರೂ ಆ ಮಡಿಕೆ ತುಂಡಾಗುವುದಿಲ್ಲ, ಅದಕ್ಕೇ ಅಲ್ಲಿ ಪಿಪಿ ಬಳಸುತ್ತಾರೆ. ಅವೆಲ್ಲ ಹೊರಗೆ. ಸೋಡಾ, ಜ್ಯೂಸ್ ಮುಚ್ಚಳದೊಳಗೆ ಮೆತ್ತನೆಯ ತೆಳು ಬಿಲ್ಲೆ ಇದ್ದರೆ ಅದು ಬೇರೆ ಪ್ಲಾಸ್ಟಿಕ್, ಚಾಕುವಿನ ತುದಿಯಿಂದ ಎಬ್ಬಿಸಿ ತೆಗೆಯಿರಿ. ಕಾಗದದ ಚೀಟಿ, ತಗಡಿನ ಹಾಳೆ ಏನೂ ಉಳಿಯಬಾರದು.

ಆಮೇಲೆ ನೀರಿನ ಪರೀಕ್ಷೆ. ಬಕೆಟ್ ನೀರಿಗೆ ಹಾಕಿ ಕೈಯಾಡಿಸಿ, ಒಳಗಿನ ಗಾಳಿ ಹೋಗಲಿ. ಎಚ್‌ಡಿಪಿಇ ನೀರಿಗಿಂತ ಹಗುರ, ತೇಲುತ್ತದೆ. ಪೆಟ್, ಪಿವಿಸಿ, ಗಟ್ಟಿ ಪಾಲಿಸ್ಟೈರೀನ್ ಮುಳುಗುತ್ತವೆ. ಮುಳುಗಿದ್ದೆಲ್ಲ ಹೊರಗೆ. ಆದರೆ ಪಿಪಿಯೂ ತೇಲುತ್ತದೆ ಅಲ್ವಾ? ಆದ್ದರಿಂದ ಗುರುತಿಲ್ಲದ ಮುಚ್ಚಳಕ್ಕೆ ನೀರು ಸಾಲದು.

ಅದಕ್ಕೆ ಓವನ್ನನ್ನೇ ಬಳಸಿ. ಎಚ್‌ಡಿಪಿಇ 130ರ ಆಸುಪಾಸಿನಲ್ಲಿ ಕರಗುತ್ತದೆ, ಪಿಪಿ 160 ದಾಟಬೇಕು. ಈ ನಡುವಿನ ಅಂತರವೇ ನಮಗೆ ಸಹಾಯ. ಒಂದೇ ಕಂಪನಿಯ, ಒಂದೇ ಬಗೆಯ ಮುಚ್ಚಳದಲ್ಲಿ ಒಂದೊಂದು ಮಾದರಿ ತೆಗೆದು ತಟ್ಟೆಯಲ್ಲಿ ಸಾಲಾಗಿ ಇಡಿ. ಥರ್ಮಾಮೀಟರ್ ನೋಡಿಕೊಂಡು 145 ಡಿಗ್ರಿಯಲ್ಲಿ 20 ನಿಮಿಷ ಬಿಡಿ. ಎಚ್‌ಡಿಪಿಇ ಮೆತ್ತಗಾಗಿ ಹೊಳೆಯುತ್ತದೆ. ಬಣ್ಣ ಸೇರಿಸದ ಮಾಸಲು ಬಿಳಿಯದಾದರೆ ಗಾಜಿನಂತೆ ಪಾರದರ್ಶಕವಾಗುತ್ತದೆ. ಕಡ್ಡಿಯಿಂದ ಒತ್ತಿದರೆ ತಗ್ಗು ಬೀಳುತ್ತದೆ. ಪಿಪಿ ತನ್ನ ಆಕಾರ ಬಿಡದೆ ಹಾಗೇ ಕೂತಿರುತ್ತದೆ. ಹೀಗೆ ಹತ್ತು ಹನ್ನೆರಡು ಬಗೆ ಪರೀಕ್ಷೆ ಮಾಡಿ, ಆ ಮಾದರಿಗಳನ್ನು ಒಂದು ರಟ್ಟಿಗೆ ಅಂಟಿಸಿ ಹೆಸರು ಬರೆದು ಗೋಡೆಗೆ ತೂಗುಹಾಕಿ. ಆಮೇಲೆ ಯಾರು ಬಂದು ಕೂತರೂ ಆ ರಟ್ಟು ನೋಡಿ ಬೇರ್ಪಡಿಸಬಹುದು. ಅನುಮಾನ ಇದ್ದ ಮುಚ್ಚಳವನ್ನು ಒಳಗೆ ಸೇರಿಸಬೇಡಿ. ಹತ್ತು ಮುಚ್ಚಳ ಹೋದರೆ ನಷ್ಟವಿಲ್ಲ.

ಬಣ್ಣವನ್ನೂ ಬೇರೆ ಬೇರೆ ಡಬ್ಬಕ್ಕೆ ಹಾಕಿ. ಎಲ್ಲ ಬಣ್ಣ ಸೇರಿಸಿ ಕಲಸಿದರೆ ಕೆಸರಿನ ಬಣ್ಣ ಬರುತ್ತದೆ. ಎರಡು, ಹೆಚ್ಚೆಂದರೆ ಮೂರು ಬಣ್ಣ ಆರಿಸಿಕೊಳ್ಳಿ. ಬಿಳಿಗೆ ಒಂದು ಹಿಡಿ ನೀಲಿ, ಅಥವಾ ಹಸಿರಿಗೆ ಸ್ವಲ್ಪ ಹಳದಿ ಚೆನ್ನಾಗಿ ಕಾಣುತ್ತದೆ.

ತೊಳೆಯುವುದು, ಒಣಗಿಸುವುದು, ತುಂಡು ಮಾಡುವುದು

ಸೋಪು ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿ, ಎರಡು ಸಲ ಒಳ್ಳೆ ನೀರಿನಲ್ಲಿ ಜಾಲಾಡಿಸಿ. ಆ ನೀರನ್ನು ಹಳೆ ಪಂಚೆಯಲ್ಲಿ ಸೋಸಿಯೇ ಚೆಲ್ಲಿ, ಸಣ್ಣ ಚೂರು ಮೋರಿಗೆ ಹೋಗಬಾರದು. ಒಂದು ಪೂರ್ತಿ ದಿನ ಒಣಗಲಿ. ಮುಚ್ಚಳದ ತಿರುಪಿನ ಗೆರೆಗಳಲ್ಲಿ ನೀರು ನಿಂತಿರುತ್ತದೆ, ಅದು ಅಚ್ಚಿನಲ್ಲಿ ಆವಿಯಾಗಿ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ಎರಡು ದಿನ ಬಿಡಿ.

ತುಂಡು ಮಾಡಲು ತಗಡು ಕತ್ತರಿ ಸಾಕು. ಒಂದು ಮುಚ್ಚಳ ನಾಲ್ಕು ತುಂಡು. ಬೇಸರದ ಕೆಲಸ, ನಿಜ. ನಾಲ್ಕು ಜನ ಮಾತಾಡುತ್ತಾ ಕೂತರೆ ಸಾಗುತ್ತದೆ. ಮನೆಯ ಮಿಕ್ಸಿಗೆ ಹಾಕಬೇಡಿ, ಮಿಕ್ಸಿಯೂ ಕೆಡುತ್ತದೆ, ಪ್ಲಾಸ್ಟಿಕ್ ಪುಡಿಯೂ ಹಾರುತ್ತದೆ. ಕೆಲಸ ಬೆಳೆದ ಮೇಲೆ ಶ್ರೆಡರ್, ಅಂದರೆ ಪ್ಲಾಸ್ಟಿಕ್ ಚೂರು ಮಾಡುವ ಯಂತ್ರ ಮಾಡಿಸಬಹುದು. ನೆದರ್ಲೆಂಡ್ಸ್‌ನ ಡೇವ್ ಹ್ಯಾಕನ್ಸ್ 2013ರಲ್ಲಿ ಶುರು ಮಾಡಿದ ಪ್ರೆಷಸ್ ಪ್ಲಾಸ್ಟಿಕ್ ಯೋಜನೆಯವರು ಶ್ರೆಡರ್, ಕರಗಿದ್ದನ್ನು ಎಳೆಯಾಗಿ ಹೊರತಳ್ಳುವ ಎಕ್ಸ್‌ಟ್ರೂಷನ್ ಯಂತ್ರ, ಅಚ್ಚಿಗೆ ತುಂಬುವ ಇಂಜೆಕ್ಷನ್ ಯಂತ್ರ, ಒತ್ತುವ ಯಂತ್ರ, ಎಲ್ಲದರ ನಕ್ಷೆಯನ್ನೂ ಉಚಿತವಾಗಿ ಇಂಟರ್ನೆಟ್‌ನಲ್ಲಿ ಕೊಟ್ಟಿದ್ದಾರೆ. ಊರಿನ ಒಳ್ಳೆಯ ಲೇತ್ ಅಂಗಡಿಯವರು ಆ ನಕ್ಷೆ ನೋಡಿ ಮಾಡಿಕೊಡಬಲ್ಲರು. ಆದರೆ ಮೊದಲ ಹತ್ತು ಮಣೆ ಕತ್ತರಿಯಲ್ಲೇ ಆಗಲಿ. ಅಷ್ಟರಲ್ಲಿ ಈ ಕೆಲಸ ನಿಮಗೆ ಹಿಡಿಸುತ್ತದೆಯೋ ಇಲ್ಲವೋ ತಿಳಿಯುತ್ತದೆ.

ತೂಕದ ಲೆಕ್ಕ

ಅಂದಾಜಿಗೆ ತುಂಬಬೇಡಿ. ಉದ್ದ, ಅಗಲ, ದಪ್ಪ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ, ಅದನ್ನು 0.95ರಿಂದ ಗುಣಿಸಿದರೆ ಗ್ರಾಂ ಬರುತ್ತದೆ. ನಮ್ಮ ಮಣೆಯ ದಪ್ಪ ಒಂದೂವರೆ ಸೆಂ.ಮೀ. 30 × 25 × 1.5 ಅಂದರೆ 1,125. ಅದರ 0.95 ಪಾಲು ಸುಮಾರು 1,070 ಗ್ರಾಂ. ಅಂಚಿನಲ್ಲಿ ಹೊರಬರುವುದಕ್ಕೆ 50 ಗ್ರಾಂ ಸೇರಿಸಿ 1,120 ಗ್ರಾಂ ತೂಗಿಕೊಳ್ಳಿ.

ತಣಿಯುವಾಗ ಎಚ್‌ಡಿಪಿಇ ಎರಡರಿಂದ ಮೂರು ಶೇಕಡಾ ಕುಗ್ಗುತ್ತದೆ. 30 ಸೆಂ.ಮೀ. ಅಚ್ಚಿನಿಂದ 29ಕ್ಕೆ ಸ್ವಲ್ಪ ಮೇಲೆ ಅಳತೆ ಬರುತ್ತದೆ. ಇದರಿಂದ ಮಣೆ ಚೌಕಟ್ಟಿನಿಂದ ತಾನೇ ಬಿಟ್ಟುಕೊಳ್ಳುತ್ತದೆ. ಆದರೆ ಬೇರೆ ವಸ್ತುವಿಗೆ ಸರಿಯಾಗಿ ಕೂರಬೇಕಾದ ಅಳತೆ ಇದ್ದರೆ ಅಚ್ಚನ್ನು ಅಷ್ಟು ದೊಡ್ಡದು ಮಾಡಿಸಬೇಕು.

ಕರಗಿಸುವುದು

ಅಚ್ಚಿನ ತಳಕ್ಕೆ, ಗೋಡೆಗೆ ಟೆಫ್ಲಾನ್ ಶೀಟ್ ಅಥವಾ ಬಟರ್ ಪೇಪರ್ ಹಾಸಿ. ಸುಕ್ಕು ಇದ್ದರೆ ಆ ಸುಕ್ಕೇ ಮಣೆಯ ಮೇಲೆ ಮೂಡುತ್ತದೆ. ತುಂಡುಗಳನ್ನು ಕೈಯಲ್ಲಿ ಒತ್ತಿ ಒತ್ತಿ ತುಂಬಿ. ಪೂರ್ತಿ ಹಿಡಿಸದಿದ್ದರೆ ಚಿಂತೆಯಿಲ್ಲ, ಅರ್ಧ ಗಂಟೆಗೆ ಅದು ಕುಸಿಯುತ್ತದೆ, ಆಗ ಉಳಿದದ್ದು ಸೇರಿಸಿ.

ಓವನ್ 190ಕ್ಕೆ ಬಂದ ಮೇಲೆ ಅಚ್ಚು ಇಡಿ. ಮೇಲಿನ ಪ್ಲೇಟನ್ನೂ ಪಕ್ಕದಲ್ಲಿ ಇಲ್ಲವೇ ಮೇಲಿನ ತಟ್ಟೆಯಲ್ಲಿ ಇಟ್ಟು ಕಾಯಿಸಿ. ತಣ್ಣನೆಯ ಪ್ಲೇಟು ಒತ್ತಿದರೆ ಮೇಲ್ಮೈ ಕೂಡಲೇ ಗಟ್ಟಿಯಾಗಿ ಒರಟಾಗುತ್ತದೆ. ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಕಬ್ಬಿಣಕ್ಕೆ ಶಾಖ ಹತ್ತಲೇ ಹೊತ್ತು ಬೇಕು. ಥರ್ಮಾಮೀಟರ್ 200 ದಾಟದಂತೆ ನೋಡಿಕೊಳ್ಳಿ. ಹೊಗೆ ಕಂಡರೆ ಶಾಖ ಜಾಸ್ತಿಯಾಗಿದೆ ಅಂತಲೇ ಅರ್ಥ. ಆರಿಸಿ, ಹೊರಗೆ ಬನ್ನಿ, ತಣಿಯಲು ಬಿಡಿ.

ಹದ ನೋಡುವುದು ಹೇಗೆ? ಇಡ್ಲಿಗೆ ಕಡ್ಡಿ ಚುಚ್ಚಿ ನೋಡುವ ಹಾಗೆ, ತೆಳು ಸ್ಟೀಲ್ ಕಡ್ಡಿಯನ್ನು ನಡುವಿಗೆ ಚುಚ್ಚಿ. ಗಟ್ಟಿ ಗಂಟು ತಾಗಿದರೆ ಇನ್ನೂ ಆಗಿಲ್ಲ. ಎಚ್‌ಡಿಪಿಇ ನೀರಿನಂತೆ ಹರಿಯುತ್ತದೆ ಅಂತ ಕಾಯಬೇಡಿ, ಹರಿಯುವುದೇ ಇಲ್ಲ. ಬಿಗಿಯಾಗಿ ಕಲಸಿದ ಚಪಾತಿ ಹಿಟ್ಟಿನ ಹದ, ಜಿಗುಟು. ಹಾಗಾಗಿಯೇ ಮೂಲೆ ಮೂಲೆಗೂ ಹೋಗಲು ಒತ್ತಬೇಕಾಗುತ್ತದೆ. ಅಮೃತಶಿಲೆಯ ಗೆರೆ ಬೇಕಿದ್ದರೆ ಈ ಹಂತದಲ್ಲಿ ಗ್ಲೌಸ್ ಹಾಕಿ, ಎರಡು ಸ್ಟೀಲ್ ಸಟ್ಟುಗದಿಂದ ಒಂದೆರಡು ಸಲ ಮಡಚಿ ಹಾಕಿ, ಮತ್ತೆ 15 ನಿಮಿಷ ಓವನ್‌ಗೆ ಇಡಿ. ಎರಡಕ್ಕಿಂತ ಹೆಚ್ಚು ಸಲ ಮಡಚಿದರೆ ಗೆರೆ ಕದಡಿಹೋಗುತ್ತದೆ.

ಒತ್ತುವುದು, ತಣಿಸುವುದು

ಈಗ ಇಬ್ಬರು ಇರಬೇಕು. ಅಚ್ಚನ್ನು ಹೊರತೆಗೆದು ಇಟ್ಟಿಗೆ ಅಥವಾ ಕಲ್ಲಿನ ಮೇಲಿಡಿ. ಮೇಲೊಂದು ಹಾಳೆ ಹಾಸಿ ಬಿಸಿ ಪ್ಲೇಟು ಇಳಿಸಿ. ಪ್ಲೇಟಿನ ಬೆನ್ನಿನ ಪೈಪುಗಳ ಮೇಲೆ ಅಡ್ಡವಾಗಿ ಎರಡು ಉದ್ದ ಕಬ್ಬಿಣದ ಪೈಪು, ತಳದ ಕೆಳಗೂ ಅಂಥವೇ ಎರಡು. ಹೊರಚಾಚಿದ ನಾಲ್ಕು ತುದಿಗೂ ಸಿ ಕ್ಲಾಂಪ್ ಹಾಕಿ. ಕಾರಿನ ಚಕ್ರದ ನಟ್ಟು ಬಿಗಿಯುವ ಹಾಗೆ ಎದುರುಬದುರು ಮೂಲೆ, ಸ್ವಲ್ಪ ಸ್ವಲ್ಪವೇ. ಒಂದೇ ಕಡೆ ಪೂರ್ತಿ ಬಿಗಿದರೆ ಮಣೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗುತ್ತದೆ.

ಬಿಗಿದಾಯಿತು ಅಂತ ಎದ್ದು ಹೋಗಬೇಡಿ. ಪ್ಲಾಸ್ಟಿಕ್ ಕುಗ್ಗುತ್ತಾ ಹೋದಂತೆ ಕ್ಲಾಂಪು ಸಡಿಲವಾಗುತ್ತದೆ. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ ಒಮ್ಮೆ ಕಾಲು ಸುತ್ತು ಬಿಗಿಯುತ್ತಿರಿ. ಇದನ್ನು ಬಿಟ್ಟರೆ ಮೇಲ್ಮೈಯಲ್ಲಿ ತಗ್ಗು ಬೀಳುತ್ತದೆ, ಒಳಗೆ ಟೊಳ್ಳು ಉಳಿಯುತ್ತದೆ.

ಆಮೇಲೆ ರಾತ್ರಿಯಿಡೀ ಹಾಗೇ ಬಿಡಿ. ನೀರು ಹಾಕಿ ತಣಿಸುವ ಆಸೆ ಬೇಡ. ಹೊರಗೆ ಬೇಗ, ಒಳಗೆ ತಡವಾಗಿ ತಣಿದರೆ ಮಣೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹೊರಗಿನ ಕಬ್ಬಿಣ ಮುಟ್ಟಿ ತಣ್ಣಗಿದೆ ಅಂತ ಬಿಚ್ಚಿದರೂ ನಡುವೆ ಇನ್ನೂ ಬಿಸಿ ಇರುತ್ತದೆ. ಸಂಜೆ ಅಚ್ಚು ಒತ್ತಿ, ಬೆಳಿಗ್ಗೆ ಬಿಚ್ಚುವುದು ಒಳ್ಳೆಯ ಕ್ರಮ.

ಮಣೆಯಾಗಿಸುವುದು

ಅಂಚಿನಲ್ಲಿ ಮೇಲೆದ್ದ ತೆಳು ಪ್ಲಾಸ್ಟಿಕ್ಕನ್ನು ಚಾಕುವಿನಿಂದ ಹೆರೆದು, ಅರ ಹಾಕಿ. ಉಪ್ಪುಕಾಗದ ಹಿಡಿಯುವಾಗ ನೀರು ಹಾಕಿಕೊಂಡೇ ಉಜ್ಜಿ. ಒಣ ಉಜ್ಜಿದರೆ ಸಣ್ಣ ಪುಡಿ ಗಾಳಿಗೆ ಹಾರಿ ಮೂಗಿಗೂ ಮಣ್ಣಿಗೂ ಸೇರುತ್ತದೆ. ಕೆಳಗೆ ಬಟ್ಟೆ ಹಾಸಿ ಹೆರಕಲನ್ನೆಲ್ಲ ಕೂಡಿಸಿ, ಮುಂದಿನ ಮಣೆಗೆ ಹಾಕಿ. ಒಂದು ಚೂರೂ ಹೊರಗೆ ಹೋಗಬೇಕಿಲ್ಲ.

ಕಾಲಿಗೆ ಎರಡು ಮರದ ರೀಪರ್ ಸಾಕು, ಒಂದೊಂದು 24 ಸೆಂ.ಮೀ. ಉದ್ದ, ಮಣೆಯ ಅಗಲಕ್ಕೆ ಅಡ್ಡಲಾಗಿ. ಅಂಟು ಹಾಕಿ ಕೂರಿಸಲು ಹೋಗಬೇಡಿ. ಎಚ್‌ಡಿಪಿಇಗೆ ಫೆವಿಕಾಲ್ ಆಗಲಿ ಬೇರೆ ಸಾಮಾನ್ಯ ಅಂಟಾಗಲಿ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಸ್ಕ್ರೂ ಒಂದೇ ದಾರಿ. ಕೆಳಗಿನಿಂದ ರೀಪರ್ ದಾಟಿ ಮಣೆಯೊಳಗೆ 1 ಸೆಂ.ಮೀ. ಹೋಗುವಷ್ಟು ಉದ್ದದ ಸ್ಕ್ರೂ. ಮೊದಲು ಡ್ರಿಲ್ಲಿನಿಂದ ಸಣ್ಣ ತೂತು ಮಾಡಿಕೊಳ್ಳಿ. ಮಣೆಯ ತುದಿಗೆ ತೀರಾ ಹತ್ತಿರ ಕಾಲು ಹಾಕಿದರೆ ನಡುವೆ ಬಗ್ಗುತ್ತದೆ. ತುದಿಯಿಂದ 6 ಸೆಂ.ಮೀ. ಒಳಗಿರಲಿ.

ಮೇಲೆ ನಿಂತು, ಸ್ವಲ್ಪ ಕುಪ್ಪಳಿಸಿ ನೋಡಿ. ಒಂದು ರಾತ್ರಿ 30 ಕಿಲೋ ಅಕ್ಕಿ ಮೂಟೆ ಹೇರಿ ಬಿಡಿ. ಬೆಳಿಗ್ಗೆ ಬಿರುಕು, ಬಿಳಿ ಗೆರೆ ಏನೂ ಇಲ್ಲದಿದ್ದರೆ ಬೇರೆಯವರಿಗೆ ಕೊಡಬಹುದು. ನಾನು ಈ ಪರೀಕ್ಷೆ ಆಗದ ಯಾವ ಮಣೆಯನ್ನೂ ಈಗ ಕೊಡುವುದಿಲ್ಲ.

ಮೂರು ಮಿತಿಗಳನ್ನು ಕೊಳ್ಳುವವರಿಗೂ ಹೇಳಿ. ಬಿಸಿಲಿನಲ್ಲಿ ಇಡಬಾರದು, ಸೂರ್ಯನ ನೇರಳಾತೀತ ಕಿರಣಕ್ಕೆ ಪೆಡಸಾಗಿ ಪುಡಿಯೇಳುತ್ತದೆ. ಆಹಾರ ನೇರವಾಗಿ ತಾಗುವ ಕೆಲಸಕ್ಕೆ ಬಳಸಬಾರದು. ಮಣೆಯ ಮೇಲೆ ಕೂತು ತರಕಾರಿ ಹೆಚ್ಚಿ, ಅದರ ಮೇಲೇ ಹೆಚ್ಚಬೇಡಿ. ಬಿಸಿ ಪಾತ್ರೆ ಇಡುವುದೂ ಬೇಡ.

ಓವನ್ ಬೇಡ ಅನ್ನುವವರಿಗೆ

ಹಾಲಿನ ಕವರಿಗೆ ಬೆಂಕಿಯೇ ಬೇಡ. ಕವರಿನ ಮೂಲೆ ತುಂಡು ಮಾಡದೆ ಕತ್ತರಿಸುವ ಅಭ್ಯಾಸ ಮಾಡಿಕೊಳ್ಳಿ, ಆ ಚೂರೇ ಮೊದಲು ಮಣ್ಣು ಸೇರುವುದು. ತೊಳೆದು ಒಣಗಿಸಿ, ಮೇಲಿನ ಕೆಳಗಿನ ಅಂಟು ಭಾಗ ಕತ್ತರಿಸಿದರೆ ಒಂದು ಕೊಳವೆಯಾಗುತ್ತದೆ. ಅದನ್ನು 3 ಸೆಂ.ಮೀ. ಅಗಲಕ್ಕೆ ಕತ್ತರಿಸಿದರೆ ಬಳೆಗಳು. ರಬ್ಬರ್ ಬ್ಯಾಂಡ್ ಒಂದಕ್ಕೊಂದು ಸಿಕ್ಕಿಸುವಂತೆ ಸೇರಿಸುತ್ತಾ ಹೋದರೆ ಉದ್ದನೆಯ ಹುರಿ. ಮೂರು ಹುರಿ ಸೇರಿಸಿ ಜಡೆ ಹೆಣೆದು, ಸುರುಳಿ ಸುತ್ತಿ, ದಪ್ಪ ದಾರದಿಂದ ಹೊಲಿದರೆ ಬಚ್ಚಲ ಮುಂದೆ ಹಾಕುವ ಕಾಲೊರೆಸು ಆಯಿತು. ಕ್ರೋಷಾ ಬರುವವರು ಚೀಲವನ್ನೇ ಹೆಣೆಯುತ್ತಾರೆ.

ಮಾರಾಟಕ್ಕೆ ಇಳಿದರೆ

ಒಂದು ಅಚ್ಚಿನಲ್ಲಿ ದಿನಕ್ಕೆ ಒಂದೇ ಮಣೆ. ತಿಂಗಳಿಗೆ ಮೂವತ್ತು, ಪ್ಲಾಸ್ಟಿಕ್ ಲೆಕ್ಕದಲ್ಲಿ 33 ಕಿಲೋ ಆಸುಪಾಸು. ಊರಿನ ಪ್ಲಾಸ್ಟಿಕ್ ಎಲ್ಲ ಇದರಿಂದ ಮುಗಿಯುವುದಿಲ್ಲ, ಅದು ಪಂಚಾಯಿತಿ, ನಗರಸಭೆ, ಕಂಪನಿಗಳು ಮಾಡಬೇಕಾದ ಕೆಲಸ. ಆದರೆ 33 ಕಿಲೋ ಅಂದರೆ ಸುಮಾರು 15,000 ಮುಚ್ಚಳ. ನಾಲ್ಕು ಅಚ್ಚು ಮಾಡಿಸಿಕೊಂಡರೆ ಒಂದು ಸ್ವಸಹಾಯ ಸಂಘಕ್ಕೆ ಕೆಲಸವಾಗುತ್ತದೆ.

ಬೆಲೆ ಕಟ್ಟುವಾಗ ಮುಚ್ಚಳದ ದುಡ್ಡು, ಕರೆಂಟು, ಸ್ಕ್ರೂ, ರೀಪರ್ ಜೊತೆ ಬೇರ್ಪಡಿಸುವ ಕೂಲಿಯನ್ನೂ ಸೇರಿಸಿ. 2,000 ವಾಟ್ ಓವನ್ ಒಂದು ಗಂಟೆ ಬಿಡದೆ ಉರಿದರೆ 2 ಯೂನಿಟ್. ಕಸದಿಂದ ಮಾಡಿದ್ದು ಅಂತ ಅಗ್ಗಕ್ಕೆ ಕೊಡಬೇಡಿ. ನಾಲ್ಕು ಜನರ ಕೈ ಅದರ ಮೇಲೆ ದುಡಿದಿದೆ.

ವ್ಯಾಪಾರವಾಗಿ ಮಾಡುವುದಾದರೆ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಮರುಬಳಕೆ ಮಾಡುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಯಂತ್ರಕ್ಕೆ ದುಡ್ಡು ಹಾಕುವ ಮೊದಲೇ ಜಿಲ್ಲೆಯ ಕಚೇರಿಗೆ ಹೋಗಿ ವಿಚಾರಿಸಿ. ಪಂಚಾಯಿತಿಯ ಘಟಕದ ಜಾಗದಲ್ಲೇ ಮಾಡಲು ಸಾಧ್ಯವಾದರೆ ಕಚ್ಚಾ ಸಾಮಾನು, ನೆರಳು, ನೀರು ಮೂರೂ ಅಲ್ಲೇ ಸಿಗುತ್ತವೆ.

ಕೊನೆಯದಾಗಿ ಅಚ್ಚಿಗೆ ಒಂದು ಸಣ್ಣ ಕೆಲಸ. ತೆಳು ಅಲ್ಯೂಮಿನಿಯಂ ತಗಡಿನಲ್ಲಿ ತ್ರಿಕೋನ ಮತ್ತು 2 ಅಂಕಿ ಕತ್ತರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ತಳದ ಪ್ಲೇಟಿಗೆ ಸಣ್ಣ ರಿವೆಟ್‌ನಿಂದ ಕೂರಿಸಿ. ತಳಕ್ಕೆ ತಾಗುವ ಮುಖವೇ ಮಣೆಯ ಅಡಿಭಾಗವಾಗಲಿ. ಪ್ರತಿ ಮಣೆಯ ಅಡಿಯಲ್ಲೂ ಆ ಗುರುತು ಒತ್ತಿ ಮೂಡುತ್ತದೆ. ಎಷ್ಟೋ ವರ್ಷದ ಮೇಲೆ ಈ ಮಣೆ ಒಡೆದು ಗುಜರಿಗೆ ಹೋದಾಗ, ಅಲ್ಲಿ ಕೂತು ಬೇರ್ಪಡಿಸುವವರು ಅದನ್ನು ತಿರುಗಿಸಿ ನೋಡುತ್ತಾರೆ. ಇದನ್ನು ಯಾವ ಗುಡ್ಡೆಗೆ ಹಾಕಬೇಕು ಅಂತ ಅವರಿಗೆ ಗೊತ್ತಾಗಬೇಕು.